ನರ್ತಕನ ದೇಹ ಮತ್ತು ದಂಡಸಂಹಿತೆ: ನವತೇಜ್ ಜೋಹರರ ಕಲೆಯ ಚಾರಿತ್ರಿಕ ಹಿನ್ನೆಲೆ

ಭಾರತದ ಸರ್ವೋಚ್ಚ ನ್ಯಾಯಾಲಯವು 2018ನೆಯ ಇಸವಿ ಸೆಪ್ಟೆಂಬರ್ 6ರಂದು ಕೊಟ್ಟ ತೀರ್ಪೊಂದು ನವತೇಜ್ ಸಿಂಗ್ ಜೋಹರರ ಹೆಸರಿನಿಂದ ಪ್ರಸಿದ್ಧವಾಗಿದೆ. ನ್ಯಾಯಶಾಸ್ತ್ರದ ವಿದ್ಯಾರ್ಥಿಗಳಿಗೆ ಈ ಹೆಸರು ಕಂಠಪಾಠವಾಗಿರುತ್ತದೆ. ಆದರೆ ಆ ಹೆಸರಿನ ವ್ಯಕ್ತಿ ಯಾರು, ಅವರ ವೃತ್ತಿ ಏನು ಎಂದು ಕೇಳಿದರೆ ಉತ್ತರ ಹೇಳುವವರು ವಿರಳ. ಅವರು ವಕೀಲರಲ್ಲ, ರಾಜಕಾರಣಿಯಲ್ಲ. ಭರತನಾಟ್ಯದ ನರ್ತಕರು, ಯೋಗಾಚಾರ್ಯರು, ಸಂಗೀತ ನಾಟಕ ಅಕಾಡೆಮಿಯ ಪುರಸ್ಕಾರವನ್ನು ಪಡೆದವರು. ವಯಸ್ಕರಿಬ್ಬರು ಪರಸ್ಪರ ಒಪ್ಪಿಗೆಯಿಂದ ನಡೆಸುವ ಸಲಿಂಗಪ್ರೇಮದ ಬಾಳು ಅಪರಾಧವಲ್ಲವೆಂದು ಸಾರಿದ ತೀರ್ಪಿನ ಶಿರೋನಾಮದಲ್ಲಿ ಒಬ್ಬ ನರ್ತಕನ ಹೆಸರು ನಿಂತದ್ದು ಕೇವಲ ಯೋಗಾಯೋಗವೆಂದು ತಳ್ಳಿಹಾಕಬಹುದು. ನಮಗೆ ಹಾಗೆ ತೋರುವುದಿಲ್ಲ. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಿಂದ ಈಚೆಗೆ ನಮ್ಮ ದೇಶದಲ್ಲಿ ನಾಟ್ಯದ ಚರಿತ್ರೆಯೂ ದಂಡಶಾಸನದ ಚರಿತ್ರೆಯೂ ಒಂದೇ ದೇಹದ ಮೇಲೆ ಬರೆಯಲ್ಪಟ್ಟಿವೆ. ಆ ಎರಡು ಲಿಪಿಗಳನ್ನು ಒಟ್ಟಿಗೆ ಓದುವುದು ಪ್ರಕೃತ ಲೇಖನದ ಉದ್ದೇಶ.

ಮೊದಲು ಶಾಸನದ ಮಾತು. ಮೆಕಾಲೆಯ ನೇತೃತ್ವದ ಮಂಡಲಿಯು ಭಾರತೀಯ ದಂಡಸಂಹಿತೆಯ ಕರಡನ್ನು 1837ರಲ್ಲಿ ಸಿದ್ಧಪಡಿಸಿತು. ಅದು ಶಾಸನವಾದದ್ದು 1860ರಲ್ಲಿ; ಜಾರಿಗೆ ಬಂದದ್ದು 1862ರ ಜನವರಿ 1ರಂದು. ಅದರ 377ನೆಯ ಕಲಮು ‘ಪ್ರಕೃತಿಕ್ರಮಕ್ಕೆ ವಿರುದ್ಧವಾದ’ ದೇಹಸಂಪರ್ಕಕ್ಕೆ ಆಜೀವ ಕಾರಾವಾಸದವರೆಗೂ ಶಿಕ್ಷೆಯನ್ನು ವಿಧಿಸುತ್ತಿತ್ತು. ಪ್ರಕೃತಿಕ್ರಮವೆಂದರೆ ಏನೆಂಬುದನ್ನು ಮಾತ್ರ ಕಲಮು ವಿವರಿಸಲಿಲ್ಲ. ಇದರ ಮೂಲ ಇಂಗ್ಲೆಂಡಿನ ಎಂಟನೆಯ ಹೆನ್ರಿಯ ಕಾಲದ 1533ರ ಶಾಸನದಲ್ಲಿದೆಯೆಂಬುದು ವಿದಿತವೇ ಆಗಿದೆ. ಇಂಗ್ಲೆಂಡು 1967ರಲ್ಲಿ ತನ್ನ ಶಾಸನವನ್ನು ಸಡಿಲಿಸಿತು. ಅದು ನಮಗೆ ಕೊಟ್ಟುಹೋದ ಕಲಮು ಅರ್ಧ ಶತಮಾನಕ್ಕೂ ಮಿಗಿಲಾಗಿ ಇಲ್ಲಿ ಉಳಿಯಿತು.

ಈ ಕಲಮಿಗಿಂತಲೂ ನಾಟ್ಯದ ಚರಿತ್ರೆಗೆ ಹೆಚ್ಚು ಸಮೀಪವಾದುದು 1871ರ ಅಪರಾಧಿ ಬುಡಕಟ್ಟುಗಳ ಶಾಸನ. ಅದರ ಮೊದಲ ಭಾಗವನ್ನು ನಮ್ಮ ಪಠ್ಯಪುಸ್ತಕಗಳು ಪ್ರಸ್ತಾಪಿಸುತ್ತವೆ. ಎರಡನೆಯ ಭಾಗವನ್ನು ಸಾಮಾನ್ಯವಾಗಿ ಬಿಟ್ಟುಬಿಡುತ್ತವೆ. ಈ ಎರಡನೆಯ ಭಾಗವು ಹಿಜ್ರಾ ಸಮುದಾಯದವರನ್ನು ಕುರಿತದ್ದು. ಸಂಶಯಕ್ಕೆ ಒಳಗಾದವರ ಹೆಸರನ್ನೂ ವಾಸಸ್ಥಳವನ್ನೂ ಸರಕಾರ ದಾಖಲೆಪುಸ್ತಕದಲ್ಲಿ ಬರೆದಿಡಬೇಕು. ಹಾಗೆ ದಾಖಲಾದವರು ಸ್ತ್ರೀಯರ ಉಡುಗೆತೊಡುಗೆಯಲ್ಲಿ ಬೀದಿಯಲ್ಲಿ ಕಾಣಿಸಿಕೊಂಡರೆ, ಇಲ್ಲವೆ ಸಾರ್ವಜನಿಕ ಸ್ಥಳದಲ್ಲಾಗಲಿ ಕೂಲಿಗಾಗಲಿ ಕುಣಿದರೆ, ವಾದ್ಯ ನುಡಿಸಿದರೆ, ವಾರಂಟು ಇಲ್ಲದೆ ಅವರನ್ನು ಹಿಡಿಯಬಹುದು, ಎರಡು ವರ್ಷದವರೆಗೆ ಸೆರೆಯಲ್ಲಿಡಬಹುದು. ವಾಚಕರು ಇಲ್ಲಿ ಸ್ವಲ್ಪ ನಿಲ್ಲಬೇಕೆಂದು ನಮ್ಮ ಬಿನ್ನಹ. ಕಳ್ಳತನವಲ್ಲ, ಹಿಂಸೆಯಲ್ಲ, ಕುಣಿತವೇ ಇಲ್ಲಿ ಅಪರಾಧ. ಒಂದು ದೇಹ ಉಟ್ಟ ಸೀರೆ, ಕಟ್ಟಿದ ಗೆಜ್ಜೆ ದಂಡಾಧಿಕಾರಿಯ ಕಡತದ ವಿಷಯವಾದದ್ದು ಹೀಗೆ. ಇದೇ ಮಾದರಿಯ ಶಾಸನವೊಂದನ್ನು ನಿಜಾಮನ ಹೈದರಾಬಾದು ಸಂಸ್ಥಾನವು 1329ನೆಯ ಫಸಲಿಯಲ್ಲಿ, ಎಂದರೆ ಸುಮಾರು 1919ರಲ್ಲಿ, ಮಾಡಿತು. ಬೀದರ, ಕಲಬುರಗಿ, ರಾಯಚೂರು ಜಿಲ್ಲೆಗಳು ಆಗ ಆ ಸಂಸ್ಥಾನಕ್ಕೆ ಸೇರಿದ್ದವೆಂಬುದನ್ನು ನೆನೆದರೆ ವಿಷಯ ನಮ್ಮ ಮನೆಬಾಗಿಲಿಗೇ ಬರುತ್ತದೆ. ತೆಲಂಗಾಣದ ಉಚ್ಚ ನ್ಯಾಯಾಲಯ ಆ ಶಾಸನವನ್ನು ರದ್ದುಮಾಡಿದ್ದು 2023ರಲ್ಲಿ!

ಶಾಸನವು ಕಾಗದದ ಮೇಲಿದ್ದುದಷ್ಟೇ ಅಲ್ಲ, ಮನುಷ್ಯರ ಮೇಲೆ ನಡೆಯಿತೆಂಬುದಕ್ಕೆ ಅಲಹಾಬಾದು ಉಚ್ಚ ನ್ಯಾಯಾಲಯದ 1884ರ ಒಂದು ಮೊಕದ್ದಮೆ ಸಾಕ್ಷಿ. ಖೈರಾತಿ ಎಂಬ ವ್ಯಕ್ತಿ ಹೆಂಗಸಿನ ಉಡುಗೆಯಲ್ಲಿ ಒಂದು ಮನೆಯ ಸ್ತ್ರೀಯರ ನಡುವೆ ಹಾಡುತ್ತಿದ್ದುದನ್ನು ಕಂಡು ಪೋಲೀಸರು ಹಿಡಿದರು. ಸರಕಾರಿ ವೈದ್ಯನಿಂದ ದೇಹಪರೀಕ್ಷೆ ಮಾಡಿಸಿದರು. ಆ ದೇಹದ ಲಕ್ಷಣಗಳನ್ನೇ ಸಾಕ್ಷ್ಯವಾಗಿ ಹಿಡಿದು ಸೆಷನ್ಸ್ ನ್ಯಾಯಾಧೀಶನು 377ನೆಯ ಕಲಮಿನಡಿ ಶಿಕ್ಷೆ ವಿಧಿಸಿದನು. ಎಲ್ಲಿ, ಎಂದು, ಯಾರೊಡನೆ ಅಪರಾಧ ನಡೆಯಿತೆಂಬ ಪ್ರಶ್ನೆಗೆ ದೋಷಾರೋಪದಲ್ಲಿ ಉತ್ತರವಿರಲಿಲ್ಲ. ದೂರು ಕೊಟ್ಟವರೂ ಇರಲಿಲ್ಲ. ಈ ಕಾರಣದಿಂದಲೇ ಉಚ್ಚ ನ್ಯಾಯಾಲಯ ಶಿಕ್ಷೆಯನ್ನು ರದ್ದುಗೊಳಿಸಿತು. ಆದರೂ ಇಂಥವರನ್ನು ಅಂಕೆಯಲ್ಲಿಡುವ ಅಧಿಕಾರಿಗಳ ಉತ್ಸಾಹವನ್ನು ಮೆಚ್ಚಿಯೇ ಮಾತಾಡಿತು. ಬಿಡುಗಡೆಯ ತೀರ್ಪಿನಲ್ಲಿಯೂ ತಿರಸ್ಕಾರದ ಧ್ವನಿ ಅಡಗಿಲ್ಲ. ಈ ಮೊಕದ್ದಮೆ ಇಂದು ನಮಗೆ ಮುಖ್ಯವಾಗುವುದು ಅದರ ತರ್ಕಕ್ಕಾಗಿ: ಹಾಡು ಮತ್ತು ಉಡುಗೆಗಳಿಂದ ಸಂಶಯ, ಸಂಶಯದಿಂದ ದೇಹಪರೀಕ್ಷೆ, ಪರೀಕ್ಷೆಯಿಂದ ಅಪರಾಧ. ಖೈರಾತಿಯನ್ನು ಇಂದಿನ ‘ಕ್ವಿಯರ್’ ಎಂಬ ಮಾತಿನಿಂದ ಕರೆಯಬಹುದೆ? ಗಂಡು-ಹೆಣ್ಣು ಎಂಬ ಎರಡೇ ಕಟ್ಟುಗಳಿಗೆ ಒಗ್ಗದ ಬಾಳು, ಒಲವುಗಳನ್ನೆಲ್ಲ ಒಳಗೊಳ್ಳುವಂತೆ, ಹಿಂದೆ ಬೈಗುಳವಾಗಿದ್ದುದನ್ನು ಅಭಿಮಾನದಿಂದ ಎತ್ತಿಕೊಂಡ ಪದ ಇದು. ಚರಿತ್ರಕಾರನು ಹಿಂದಿನವರಿಗೆ ಅವರು ಕೇಳಿರದ ಹೆಸರನ್ನು ಇಡುವಾಗ ಅಳುಕಬೇಕು. ಆದರೆ ಆ ಅಳುಕನ್ನೇ ನೆಪಮಾಡಿಕೊಂಡು ಅವರನ್ನು ಚರಿತ್ರೆಯಿಂದಲೇ ಕೈಬಿಡುವುದು ಇನ್ನೂ ದೊಡ್ಡ ಅನ್ಯಾಯ.

ಇನ್ನು ನಾಟ್ಯದ ಕಡೆಗೆ ಬರೋಣ. ಖೈರಾತಿಯ ಮೊಕದ್ದಮೆಯಾದ ಒಂದು ದಶಕದೊಳಗೆ ಮದರಾಸಿನಲ್ಲಿ ಸಮಾಜಸುಧಾರಕರು ದೇವದಾಸಿಯರ ನಾಚ್ ವಿರುದ್ಧ ಚಳವಳಿ ಹೂಡಿದರು. 1893ರಲ್ಲಿ ವೈಸ್‌ರಾಯರಿಗೂ ಮದರಾಸಿನ ಗವರ್ನರರಿಗೂ ಮನವಿಗಳು ಹೋದವು. ಸರಕಾರ ಆಗ ಕೈಹಾಕಲಿಲ್ಲ. ನಮ್ಮ ಮೈಸೂರು ಸಂಸ್ಥಾನವು ಈ ವಿಷಯದಲ್ಲಿ ಬ್ರಿಟಿಷ್ ಭಾರತಕ್ಕಿಂತ ಮುಂದೆ ನಡೆದು 1909ರಲ್ಲಿಯೇ ಮುಜರಾಯಿ ದೇವಾಲಯಗಳಲ್ಲಿ ದೇವದಾಸಿಯರ ಸೇವೆಯನ್ನು ನಿಲ್ಲಿಸಿತು. ಮದರಾಸಿನಲ್ಲಿ ಡಾ. ಮುತ್ತುಲಕ್ಷ್ಮಿ ರೆಡ್ಡಿಯವರು ಮೊದಲಿಟ್ಟ ಕಾರ್ಯ 1947ರ ಶಾಸನದಲ್ಲಿ ಕೊನೆಗೊಂಡಿತು. ಹೆಣ್ಣುಮಕ್ಕಳನ್ನು ಬಾಲ್ಯದಲ್ಲಿಯೇ ದೇವರಿಗೆ ಬಿಡುವ ಪದ್ಧತಿಯಲ್ಲಿ ಕ್ರೌರ್ಯವಿತ್ತೆಂಬುದನ್ನು ನಾವು ಅಲ್ಲಗಳೆಯುವುದಿಲ್ಲ. ಆ ಪದ್ಧತಿಯನ್ನು ಹೊಗಳಿ ಹಾಡುವವರ ಗುಂಪಿಗೆ ನಾವು ಸೇರಿದವರೂ ಅಲ್ಲ. ಆದರೆ ಪದ್ಧತಿಯೊಡನೆ ಆ ಸ್ತ್ರೀಯರ ಜೀವನೋಪಾಯವೂ ಕಲೆಯ ಮೇಲಿನ ಅವರ ಹಕ್ಕೂ ಹೋದವು. ಕಲೆ ಮಾತ್ರ ಉಳಿದು ಬೇರೆ ಕೈಗಳಿಗೆ ದಾಟಿತು.

ಹೀಗೆ ದಾಟಿಸಿದವರಲ್ಲಿ ಒಬ್ಬರು ಇ. ಕೃಷ್ಣ ಅಯ್ಯರ್, ವೃತ್ತಿಯಿಂದ ವಕೀಲರು, ಸ್ವಾತಂತ್ರ್ಯ ಹೋರಾಟಗಾರರು. ಸದಿರ್ ಎಂದು ಕರೆಯಲ್ಪಡುತ್ತಿದ್ದ ಈ ನೃತ್ಯಕ್ಕೆ ಅಂಟಿದ್ದ ಕಳಂಕವನ್ನು ತೊಡೆಯುವ ಸಲುವಾಗಿ ಅವರು ತಾವೇ ಸ್ತ್ರೀವೇಷ ಧರಿಸಿ ಸಭೆಗಳಲ್ಲಿ ನರ್ತಿಸಿದರು. ಅದನ್ನು ಜನ ಮೆಚ್ಚಿದರು. ಇಂದಿಗೂ ಗೌರವದಿಂದ ಸ್ಮರಿಸುತ್ತಾರೆ, ಅದು ಯುಕ್ತವೂ ಹೌದು. ಆದರೆ ಖೈರಾತಿಯ ಪಕ್ಕದಲ್ಲಿ ಈ ವಕೀಲರನ್ನು ನಿಲ್ಲಿಸಿ ನೋಡಿದಾಗ ಒಂದು ಸಂಗತಿ ಗೋಚರಿಸುತ್ತದೆ. ಇಬ್ಬರೂ ಹೆಣ್ಣಿನ ಉಡುಗೆಯನ್ನು ಉಟ್ಟವರು. ಒಬ್ಬರು ಹಾಡಿದರು, ಒಬ್ಬರು ಕುಣಿದರು. ಒಬ್ಬರಿಗೆ ದೇಹಪರೀಕ್ಷೆ, ಇನ್ನೊಬ್ಬರಿಗೆ ಚಪ್ಪಾಳೆ. ಉಡುಗೆಯನ್ನು ಕಳಚಿದ ಮೇಲೆ ಗೃಹಸ್ಥನ ಬಾಳಿಗೆ ಮರಳಬಲ್ಲವನ ಸ್ತ್ರೀವೇಷ ಕಲೆಯೆನಿಸಿತು; ಮರಳಲು ಬೇರೆ ಬಾಳಿಲ್ಲದವನದು ಅಪರಾಧವೆನಿಸಿತು. ನಮ್ಮ ಯಕ್ಷಗಾನದ ಸ್ತ್ರೀವೇಷಧಾರಿಗಳಿಗೂ ವೃತ್ತಿನಾಟಕ ಕಂಪನಿಗಳ ಸ್ತ್ರೀಪಾತ್ರಧಾರಿಗಳಿಗೂ ದೊರೆತ ಮನ್ನಣೆ ಇದೇ ಕರಾರಿನ ಮೇಲೆ ನಿಂತಿತ್ತೆಂದು ನಮ್ಮ ಅಭಿಪ್ರಾಯ.

ಮುಂದಿನ ಕಥೆ ಬಹುಮಟ್ಟಿಗೆ ತಿಳಿದದ್ದೇ. ಸದಿರ್ ಎಂಬ ಹೆಸರು ಹಿಂದೆ ಸರಿದು ಭರತನಾಟ್ಯವೆಂಬ ಹೆಸರು ನೆಲೆಗೊಂಡಿತು. ರುಕ್ಮಿಣೀದೇವಿ ಅರುಂಡೇಲ್ ಅವರು 1935ರಲ್ಲಿ ಅಡಯಾರಿನಲ್ಲಿ ರಂಗವನ್ನೇರಿ, 1936ರಲ್ಲಿ ಕಲಾಕ್ಷೇತ್ರವನ್ನು ಸ್ಥಾಪಿಸಿದರು. ಶೃಂಗಾರದ ಪದ, ಜಾವಳಿಗಳಲ್ಲಿ ಅತಿಯೆನಿಸಿದುದನ್ನು ಅವರು ಕೈಬಿಟ್ಟು ಭಕ್ತಿಯನ್ನು ಮುಂದಕ್ಕೆ ತಂದರು. ದೇವದಾಸಿ ಮನೆತನದಿಂದ ಬಂದ ಬಾಲಸರಸ್ವತಿಯವರು ಇದಕ್ಕೆ ಒಪ್ಪಲಿಲ್ಲ. ಶೃಂಗಾರವೇ ಅಭಿನಯದ ಶಿಖರ, ಅದನ್ನು ಹೊರಗಿನಿಂದ ಯಾರೂ ಶುದ್ಧಿಮಾಡಬೇಕಾಗಿಲ್ಲ ಎಂಬುದು ಅವರ ವಾದ. ಮೈಸೂರಿನ ಅರಮನೆಯ ಜಟ್ಟಿ ತಾಯಮ್ಮನವರೂ ಅವರ ಶಿಷ್ಯೆ ವೆಂಕಟಲಕ್ಷಮ್ಮನವರೂ ವಾದ ಹೂಡದೆಯೇ, ಕುಳಿತಲ್ಲಿಯೇ ಕಣ್ಣು ಹುಬ್ಬುಗಳಿಂದ ಒಂದು ಜಾವಳಿಯನ್ನು ಬಿಡಿಸಿ ತೋರಿಸಿ, ಇದೇ ಮಾತನ್ನು ಸಿದ್ಧಪಡಿಸಿದರೆನ್ನಬಹುದು.

ಗಂಡು ನರ್ತಕರ ಪಾಡೇನು? ಬೆಂಗಳೂರಿನಲ್ಲಿ ಹುಟ್ಟಿದ ರಾಮಗೋಪಾಲರು ಕುಂಜು ಕುರುಪರಲ್ಲಿ ಕಥಕಳಿಯನ್ನೂ ಮೀನಾಕ್ಷಿಸುಂದರಂ ಪಿಳ್ಳೆಯವರಲ್ಲಿ ಭರತನಾಟ್ಯವನ್ನೂ ಕಲಿತು 1939ರಲ್ಲಿ ಲಂಡನ್ನಿನ ರಂಗಭೂಮಿಯಲ್ಲಿ ಕೀರ್ತಿ ಗಳಿಸಿದರು. ಕಿರೀಟ, ರೆಕ್ಕೆ, ಆಭರಣಗಳ ನಡುವೆ ಮಿಂಚುವ ಅವರ ದೇಹವನ್ನು ಪಾಶ್ಚಾತ್ಯ ಪ್ರೇಕ್ಷಕರು ಕಣ್ತುಂಬ ನೋಡಿದರು. ದೇವತೆಯ ಪ್ರಭಾವಳಿಯೊಳಗಿದ್ದಷ್ಟು ಕಾಲ ಗಂಡಸಿನ ಸೌಂದರ್ಯಕ್ಕೆ ಅಪಾಯವಿರಲಿಲ್ಲ. ಪ್ರಭಾವಳಿಯನ್ನು ತೆಗೆದಿಟ್ಟು ಬರಿಯ ಮನುಷ್ಯದೇಹವಾಗಿ ರಂಗದ ಮೇಲೆ ನಿಲ್ಲುವುದು ಮುಂದಿನ ತಲೆಮಾರಿನ ಪಾಲಿಗೆ ಬಂತು.

ನವತೇಜ್ ಜೋಹರರು ಈ ತಲೆಮಾರಿನವರು. ಪಂಜಾಬಿನ ಸಿಖ್ ಮನೆತನದ ತರುಣನೊಬ್ಬನು ಭರತನಾಟ್ಯವನ್ನು ಕಲಿಯಲು ಮದರಾಸಿನ ಕಲಾಕ್ಷೇತ್ರಕ್ಕೆ ಹೋದದ್ದೇ ಆ ದಿನಗಳಲ್ಲಿ ಅಪೂರ್ವ ಸಂಗತಿ. ಅಲ್ಲಿಂದ ದಿಲ್ಲಿಯಲ್ಲಿ ಲೀಲಾ ಸ್ಯಾಮ್ಸನ್ ಅವರ ಬಳಿ ಅಭ್ಯಾಸ ಮುಂದುವರಿಯಿತು. ಮದರಾಸಿನ ಕೃಷ್ಣಮಾಚಾರ್ಯ ಯೋಗಮಂದಿರದಲ್ಲಿ ಯೋಗಶಿಕ್ಷಣ. ನ್ಯೂಯಾರ್ಕ್ ವಿಶ್ವವಿದ್ಯಾನಿಲಯದಲ್ಲಿ ರಂಗಪ್ರಯೋಗಶಾಸ್ತ್ರದ ವ್ಯಾಸಂಗ. ದಿಲ್ಲಿಯಲ್ಲಿ ಅವರು ಸ್ಥಾಪಿಸಿದ ‘ಅಭ್ಯಾಸ್’ ಎಂಬ ಸಂಸ್ಥೆಯು ನಾಟ್ಯ, ಯೋಗಗಳ ಜೊತೆಗೆ ನಗರವಿನ್ಯಾಸವನ್ನೂ ಬೀದಿಯ ಪ್ರಾಣಿಗಳ ಪಾಲನೆಯನ್ನೂ ಕೈಗೊಂಡಿತೆಂಬುದನ್ನು ಕೇಳಿ ಕೆಲವರು ನಗಬಹುದು. ಆದರೆ ದೇಹವು ನೆಮ್ಮದಿಯಿಂದ ಇರಬಲ್ಲ ಸ್ಥಳ ಯಾವುದು ಎಂಬ ಒಂದೇ ಪ್ರಶ್ನೆ ಇವೆಲ್ಲದರ ಹಿಂದೆ ಇದೆಯೆಂದು ಭಾವಿಸಿದರೆ ಸಂಬಂಧ ತಾನಾಗಿ ಕಾಣುತ್ತದೆ. ಭರತನಾಟ್ಯದ ಪುನರುತ್ಥಾನವು ನರ್ತಕನ ದೇಹದಿಂದ ಸುಖವನ್ನು ಹೊರದೂಡಿ ಅದರ ಸ್ಥಾನದಲ್ಲಿ ಪಾವಿತ್ರ್ಯದ ಪ್ರದರ್ಶನವನ್ನು ಕೂರಿಸಿತೆಂಬ ಟೀಕೆ ಅವರ ಬರೆಹಗಳಲ್ಲಿದೆ. ಕಲಾಕ್ಷೇತ್ರದ ಕಟ್ಟುನಿಟ್ಟಾದ ಅಡವುಗಳಲ್ಲಿ ತಯಾರಾದ ಕಾಲುಗಳಿಂದಲೇ ಈ ಟೀಕೆ ಹೊರಟದ್ದು ಗಮನಾರ್ಹ.

ಅವರ ಪ್ರಯೋಗಗಳಲ್ಲಿ ನಮ್ಮ ಉದ್ದೇಶಕ್ಕೆ ಅತ್ಯಂತ ಉಪಯುಕ್ತವಾದುದು ‘ಫನಾ: ರಾಂಝಾ ರೀವಿಸಿಟೆಡ್’. ಫನಾ ಎಂಬುದು ಸೂಫಿಗಳ ಪರಿಭಾಷೆ; ಪ್ರೇಮಿಯ ‘ನಾನು’ ಪ್ರಿಯನಲ್ಲಿ ಕರಗಿ ಇಲ್ಲವಾಗುವ ಸ್ಥಿತಿ. ಇದರಲ್ಲಿ ಎರಡು ಕಥೆಗಳು ಹೆಣೆದುಕೊಳ್ಳುತ್ತವೆ. ಒಂದು, ವಾರಿಸ್ ಶಾಹನು 1766ರಲ್ಲಿ ಕಾವ್ಯವಾಗಿಸಿದ ಪಂಜಾಬಿನ ಹೀರ್-ರಾಂಝಾ. ಇನ್ನೊಂದು, ಹದಿನೆಂಟನೆಯ ಶತಮಾನದ್ದೇ ಆದ ತಮಿಳಿನ ಕುಟ್ರಾಲ ಕುರವಂಜಿ. ಒಂದರಲ್ಲಿ ಹೀರಳನ್ನು ಬೇರೊಬ್ಬನಿಗೆ ಮದುವೆಮಾಡಿಕೊಟ್ಟ ಮೇಲೆ ರಾಂಝಾ ಕಿವಿ ಚುಚ್ಚಿಸಿಕೊಂಡು ನಾಥಪಂಥದ ಜೋಗಿಯಾಗಿ ಅವಳನ್ನು ಅರಸಿ ಹೊರಡುತ್ತಾನೆ. ಮತ್ತೊಂದರಲ್ಲಿ ಮೆರವಣಿಗೆಯಲ್ಲಿ ಬಂದ ಕುಟ್ರಾಲನಾಥನನ್ನು ಕಂಡು ವಿರಹದಲ್ಲಿ ಬೇಯುವ ವಸಂತವಲ್ಲಿಗೆ ಬೆಟ್ಟದಿಂದ ಇಳಿದುಬಂದ ಕೊರವಂಜಿ ಕಣಿ ಹೇಳುತ್ತಾಳೆ. (ಕದ್ರಿಯ ಜೋಗಿಮಠವನ್ನು ಕಂಡವರಿಗೂ, ಕೊರವಂಜಿಯ ಕಣಿಯನ್ನು ಯಕ್ಷಗಾನದಲ್ಲಿ ಕೇಳಿದವರಿಗೂ ಈ ಎರಡು ಲೋಕಗಳು ಹೊರಗಿನವಲ್ಲ.)

ರುಕ್ಮಿಣೀದೇವಿಯವರು ಕಲಾಕ್ಷೇತ್ರದ ನೃತ್ಯನಾಟಕಗಳ ಪರಂಪರೆಯನ್ನು 1944ರಲ್ಲಿ ಆರಂಭಿಸಿದ್ದು ಇದೇ ಕುಟ್ರಾಲ ಕುರವಂಜಿಯಿಂದ. ತಾನು ಕಲಿತ ಶಾಲೆಯ ಮೂಲಕೃತಿಯನ್ನೇ ಎತ್ತಿಕೊಂಡು ಅದಕ್ಕೆ ತನ್ನ ತಾಯ್ನುಡಿಯ ಪ್ರೇಮಕಥೆಯನ್ನು ಬೆಸೆಯುವುದು ಅಲ್ಪಕಾರ್ಯವಲ್ಲ. ಇಲ್ಲಿ ಗಂಡು ನರ್ತಕನ ದೇಹ ಹೀರಳ ವಿರಹವನ್ನೂ ವಸಂತವಲ್ಲಿಯ ವಿರಹವನ್ನೂ ಹೊರುತ್ತದೆ. ರಾಂಝಾನ ಹೆಸರನ್ನು ಜಪಿಸುತ್ತ ಹೀರಳೇ ರಾಂಝಾ ಆಗುವಳೆಂಬ ಸೂಫಿಭಾವ ಪಂಜಾಬಿನಲ್ಲಿ ಮನೆಮಾತು. ಶರಣನೇ ಸತಿ, ಲಿಂಗವೇ ಪತಿಯೆಂಬ ಭಾವವನ್ನು ಬಾಳಿದ ಹನ್ನೆರಡನೆಯ ಶತಮಾನದ ಶರಣರನ್ನು ಓದಿದ ಕನ್ನಡಿಗರಿಗೆ ಇದು ತಟ್ಟನೆ ಅರ್ಥವಾಗುವ ಮಾತು. ಆದರೆ ಒಂದು ವ್ಯತ್ಯಾಸವನ್ನು ಮರೆಯಲಾಗದು. ಪುರುಷನೊಬ್ಬನು ಪುರುಷನಿಗಾಗಿ ಹಂಬಲಿಸುವ ಮಾತನ್ನು ಭಕ್ತಿಯ ಹೊದಿಕೆಯಲ್ಲಿ ನಮ್ಮ ಸಮಾಜ ಎಂಟು ಶತಮಾನ ಕೇಳಿತು, ಪೂಜಿಸಿತು. ಆ ಹೊದಿಕೆಯಿಲ್ಲದೆ ಅದೇ ಹಂಬಲವನ್ನು ನುಡಿದವನಿಗೆ 377ನೆಯ ಕಲಮನ್ನು ತೋರಿಸಿತು. ಜೋಹರರ ಪ್ರಯೋಗವು ಹೊದಿಕೆಯನ್ನು ಹರಿಯುವುದೂ ಇಲ್ಲ, ಅದರ ಹಿಂದೆ ಅಡಗುವುದೂ ಇಲ್ಲ. ಅದರ ಬಲವಿರುವುದು ಇಲ್ಲಿಯೇ ಎಂದು ನಮಗೆ ತೋರುತ್ತದೆ.

ಅವರು ಚಲಚ್ಚಿತ್ರಗಳಲ್ಲಿಯೂ ನಟಿಸಿದರು. ಸಬೀಹಾ ಸುಮರ್ ನಿರ್ದೇಶಿಸಿದ, 2003ರಲ್ಲಿ ಲೊಕಾರ್ನೊ ಉತ್ಸವದ ಅಗ್ರಪ್ರಶಸ್ತಿ ಗಳಿಸಿದ ‘ಖಾಮೋಶ್ ಪಾನಿ’ಯ ಕಥೆ 1979ರ ಪಾಕಿಸ್ತಾನದ ಒಂದು ಹಳ್ಳಿಯಲ್ಲಿ ನಡೆಯುತ್ತದೆ. ವಿಭಜನೆಯ ಕಾಲದಲ್ಲಿ ಮಾನರಕ್ಷಣೆಗೆಂದು ಬಾವಿಗೆ ಹಾರಬೇಕಾಗಿದ್ದ ಸಿಖ್ ಹುಡುಗಿಯೊಬ್ಬಳು ಹಾರದೆ ಉಳಿದು, ಬೇರೆ ಹೆಸರಿನಲ್ಲಿ ಅಲ್ಲಿಯೇ ಬಾಳಿರುತ್ತಾಳೆ. ಅವಳನ್ನು ಹುಡುಕಿಕೊಂಡು ಯಾತ್ರಿಕನಾಗಿ ಬರುವ ಅಣ್ಣನ ಪಾತ್ರ ಜೋಹರರದು. ಕುಲದ ಮಾನವನ್ನು ಒಂದು ದೇಹದ ಮೇಲೆ ಹೊರಿಸಿದಾಗ ಆ ದೇಹಕ್ಕೆ ಏನಾಗುತ್ತದೆಂಬುದೇ ಅಲ್ಲಿನ ವಸ್ತು.

ಈಗ ನ್ಯಾಯಾಲಯದ ಕಡೆಗೆ. ದಿಲ್ಲಿಯ ಉಚ್ಚ ನ್ಯಾಯಾಲಯವು 2009ರ ಜುಲೈ 2ರಂದು ನಾಜ್ ಫೌಂಡೇಷನ್ ಎಂಬ ಸಂಸ್ಥೆಯ ಅರ್ಜಿಯ ಮೇಲೆ, ವಯಸ್ಕರ ಸಮ್ಮತಿಯ ಸಂಬಂಧಕ್ಕೆ ಈ ಕಲಮು ಅನ್ವಯಿಸದೆಂದು ತೀರ್ಮಾನಿಸಿತು. ಸರ್ವೋಚ್ಚ ನ್ಯಾಯಾಲಯವು 2013ರ ಡಿಸೆಂಬರ್ 11ರಂದು ಅದನ್ನು ತಳ್ಳಿಹಾಕಿತು. ಬಾಧಿತರ ಸಂಖ್ಯೆ ತೀರ ಅಲ್ಪವೆಂಬುದೂ, ಶಿಕ್ಷೆಯಾದ ಪ್ರಕರಣಗಳು ಕೆಲವೇ ಎಂಬುದೂ ಅದರ ಕಾರಣಗಳಲ್ಲಿ ಸೇರಿದ್ದವು. ಚರಿತ್ರೆಯ ವಿದ್ಯಾರ್ಥಿಗೆ ಈ ತರ್ಕ ವಿಚಿತ್ರವಾಗಿ ಕಾಣುತ್ತದೆ. ಶಾಸನದ ಭಾರವನ್ನು ಅಳೆಯಲು ವರದಿಯಾದ ಮೊಕದ್ದಮೆಗಳನ್ನು ಎಣಿಸಿದರೆ ಸಾಲದು. ಬೆದರಿಕೆ, ಸುಲಿಗೆ, ಮೌನಗಳಿಗೆ ವರದಿಯ ಸಂಪುಟಗಳಿಲ್ಲ. ಈ ಎಣಿಕೆಗೆ ಉತ್ತರವೋ ಎಂಬಂತೆ 2016ರಲ್ಲಿ ಐವರು ತಮ್ಮ ಸ್ವಂತ ಹೆಸರಿನಲ್ಲಿ ನ್ಯಾಯಾಲಯದ ಮೆಟ್ಟಿಲೇರಿದರು: ಜೋಹರ್, ಪತ್ರಕರ್ತ ಸುನೀಲ್ ಮೆಹ್ರಾ, ಪಾಕಪ್ರವೀಣೆ ರಿತು ದಾಲ್ಮಿಯಾ, ಅಮನ್ ನಾಥ್, ಆಯೇಶಾ ಕಪೂರ್. ಅದುವರೆಗೆ ಸಂಸ್ಥೆಗಳು ಇತರರ ಪರವಾಗಿ ವಾದಿಸಿದ್ದವು. ಇವರು ‘ಕಲಮು ನಮ್ಮ ಮೇಲೆಯೇ ನಿಂತಿದೆ’ ಎಂದು ಹೇಳಿದರು. ಶಾಸನದ ಪ್ರಕಾರ ಅದು ತಮ್ಮನ್ನು ತಾವೇ ಅಪರಾಧಿಗಳೆಂದು ತೋರಿಸಿಕೊಂಡಂತೆಯೇ ಆಗಿತ್ತು. ಸಾವಿರ ಕಣ್ಣುಗಳ ಮುಂದೆ ದೇಹವನ್ನು ನಿಲ್ಲಿಸುವುದನ್ನು ವೃತ್ತಿಯಾಗಿ ಅಭ್ಯಾಸಮಾಡಿದವರಿಗೆ ಈ ಧೈರ್ಯ ಸ್ವಲ್ಪ ಸುಲಭವಾಯಿತೋ ಏನೋ. ಹಾಗೆ ಊಹಿಸಲು ನಮಗೆ ಇಷ್ಟ.

ಇದರ ನಡುವೆ 2017ರ ಆಗಸ್ಟ್ 24ರಂದು ಖಾಸಗಿತನವು ಮೂಲಭೂತ ಹಕ್ಕೆಂಬ ತೀರ್ಪು ಹೊರಬಿತ್ತು. ಆ ಅರ್ಜಿಯನ್ನು ಹಾಕಿದವರು ಕರ್ಣಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಾಧೀಶರಾದ ಕೆ. ಎಸ್. ಪುಟ್ಟಸ್ವಾಮಿಯವರು. ಅವರು ತೊಡಗಿದ್ದು ಆಧಾರ್ ಚೀಟಿಯ ಪ್ರಶ್ನೆಯಿಂದ. ಆದರೆ 377ನೆಯ ಕಲಮಿನ ಅಡಿಗಲ್ಲು ಸಡಿಲವಾದದ್ದು ಆ ತೀರ್ಪಿನಿಂದಲೇ. ಮರುವರ್ಷ ಐವರು ನ್ಯಾಯಮೂರ್ತಿಗಳ ಪೀಠ ಒಮ್ಮತದಿಂದ ಜೋಹರರ ಪಕ್ಷವನ್ನು ಎತ್ತಿಹಿಡಿಯಿತು. ಈ ಸಮುದಾಯದವರಿಗೆ ಚರಿತ್ರೆಯು ಕ್ಷಮಾಪಣೆಯ ಋಣದಲ್ಲಿದೆಯೆಂಬ ಭಾವದ ಮಾತನ್ನು ನ್ಯಾಯಮೂರ್ತಿ ಇಂದು ಮಲ್ಹೋತ್ರಾ ಅವರು ಬರೆದರು. ಚರಿತ್ರೆಯ ಅಧ್ಯಾಪಕರಾದ ನಮಗೆ ಆ ಮಾತು ಸ್ವಲ್ಪ ಚುಚ್ಚುತ್ತದೆ. ಚರಿತ್ರೆಗೆ ಬಾಯಿಲ್ಲ, ಕ್ಷಮೆ ಕೇಳುವುದು ಅದಕ್ಕೆ ಬರುವುದಿಲ್ಲ. 1871ರ ಶಾಸನದ ಎರಡನೆಯ ಭಾಗವನ್ನು ಪಾಠದಲ್ಲಿ ಸೇರಿಸುವುದೋ ಬಿಡುವುದೋ ಎಂಬುದಂತೂ ನಮ್ಮ ಕೈಯಲ್ಲಿದೆ.

ತೀರ್ಪಿನಿಂದ ಎಲ್ಲವೂ ಬಗೆಹರಿಯಲಿಲ್ಲ. ಸಲಿಂಗ ವಿವಾಹಕ್ಕೆ ಮನ್ನಣೆ ಕೊಡಲು ಸರ್ವೋಚ್ಚ ನ್ಯಾಯಾಲಯ 2023ರ ಅಕ್ಟೋಬರ್ 17ರಂದು ನಿರಾಕರಿಸಿತು. ಮೆಕಾಲೆಯ ದಂಡಸಂಹಿತೆಯು 2024ರ ಜುಲೈ 1ರಂದು ತೆರೆಮರೆಗೆ ಸರಿದು ಭಾರತೀಯ ನ್ಯಾಯ ಸಂಹಿತೆ ಬಂದಾಗ 377ನೆಯ ಕಲಮಿಗೆ ಹೊಸ ಸಂಹಿತೆಯಲ್ಲಿ ಸ್ಥಾನ ದೊರೆಯಲಿಲ್ಲ. ನಮ್ಮ ರಾಜ್ಯದ ಮಾತನ್ನೂ ಹೇಳಿಬಿಡಬೇಕು: 1963ರ ಕರ್ನಾಟಕ ಪೋಲೀಸು ಶಾಸನಕ್ಕೆ 2011ರಲ್ಲಿ 36ಎ ಎಂಬ ಕಲಮು ಸೇರಿ, ಹಿಜ್ರಾ ಸಮುದಾಯದವರ ಹೆಸರುಗಳ ದಾಖಲೆಯಿಡುವ ಹಳೆಯ ಪದ್ಧತಿ ಹೊಸ ಶತಮಾನದಲ್ಲಿ ತಲೆಯೆತ್ತಿತು. ಉಚ್ಚ ನ್ಯಾಯಾಲಯದಲ್ಲಿ ಪ್ರಶ್ನೆಯೆದ್ದ ಮೇಲೆ ಆ ಸಮುದಾಯವನ್ನು ಸೂಚಿಸುವ ಪದವನ್ನು ಕಲಮಿನಿಂದ ತೆಗೆಯಲಾಯಿತು.

ಇದೇ ನಾಡಿನಲ್ಲಿ, ಯಲ್ಲಮ್ಮನ ಜೋಗತಿ ಪರಂಪರೆಯಲ್ಲಿ ತಲೆಯ ಮೇಲೆ ಕೊಡವನ್ನಿಟ್ಟು ಚೌಡಿಕೆಯ ಗತಿಗೆ ಕುಣಿಯುತ್ತ ಬೆಳೆದ ಮಂಜಮ್ಮ ಜೋಗತಿಯವರು 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು. 2021ರ ನವೆಂಬರಿನಲ್ಲಿ ಪದ್ಮಶ್ರೀಯನ್ನು ಸ್ವೀಕರಿಸಲು ರಾಷ್ಟ್ರಪತಿಭವನಕ್ಕೆ ಹೋದಾಗ, ರಾಷ್ಟ್ರಪತಿ ರಾಮನಾಥ ಕೋವಿಂದರ ಎದುರು ನಿಂತು ತಮ್ಮ ಸೀರೆಯ ಸೆರಗಿನಿಂದ ಅವರಿಗೆ ದೃಷ್ಟಿ ತೆಗೆದರು. ಹೆಣ್ಣುಡುಗೆಯಲ್ಲಿ ಸಾರ್ವಜನಿಕವಾಗಿ ಕುಣಿದವರಿಗೆ ಎರಡು ವರ್ಷದ ಸೆರೆಯನ್ನು ಗೊತ್ತುಮಾಡಿದ ಶಾಸನಕ್ಕೆ ಆ ವರ್ಷ ಸರಿಯಾಗಿ 150 ತುಂಬಿತ್ತು.